ಎರಡು ಹೊಳೆಗಳ ನಡುವಣ ಎಡೆದೊರೆನಾಡು

ಗುಂತಕಲ್ಲಿನಿಂದ ವಾಡಿಯ ಕಡೆಗೆ ಸಾಗುವ ರೈಲುಗಾಡಿಯು ಮಂತ್ರಾಲಯ ರೋಡ್ ನಿಲ್ದಾಣವನ್ನು ಬಿಟ್ಟು ತುಂಗಭದ್ರೆಯನ್ನು ದಾಟುತ್ತದೆ. ಮುಂದೆ ರಾಯಚೂರು, ಅದರಾಚೆ ಕೃಷ್ಣೆಯ ಸೇತುವೆ. ಈ ಎರಡು ಸೇತುವೆಗಳ ನಡುವೆ ಕಿಟಕಿಯಿಂದ ಕಾಣುವುದು ಹೊಲಗಳು, ಯಾರೋ ಪೇರಿಸಿಟ್ಟಂತಿರುವ ಬಂಡೆಗಳ ಗುಡ್ಡಗಳು, ಕಣ್ಣು ಕುಕ್ಕುವ ಬಿಸಿಲು. ಹಂಪೆಗೂ ಬಿಜಾಪುರಕ್ಕೂ ಮಕ್ಕಳುಮರಿಗಳೊಡನೆ ಹೋಗಿಬರುವ ಕುಟುಂಬಗಳು ಇಲ್ಲಿ ಇಳಿಯುವುದು ಅಪೂರ್ವ.

ಪಠ್ಯಪುಸ್ತಕಗಳಲ್ಲಿ ಇದರ ಹೆಸರು ರಾಯಚೂರು ದೋಆಬ್. ಎರಡು ನೀರುಗಳ ನಡುವಣ ನೆಲವೆಂಬುದು ಆ ಪಾರಸಿ ಮಾತಿನ ಅರ್ಥ. ವಿಜಯನಗರದ ಅರಸರಿಗೂ ಬಹಮನಿ ಸುಲ್ತಾನರಿಗೂ ಇದು ತೀರದ ವ್ಯಾಜ್ಯದ ಸೀಮೆಯಾಗಿತ್ತು. ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ ರಾಯಚೂರನ್ನು ಗೆದ್ದನು. ೧೫೬೫ರ ರಕ್ಕಸತಂಗಡಿಯ ಯುದ್ಧದ ತರುವಾಯ ಅದು ಬಿಜಾಪುರದ ಪಾಲಾಯಿತು. ನಿಜಾಮನು ೧೮೫೩ರಲ್ಲಿ ಈ ಸೀಮೆಯನ್ನು ಇಂಗ್ಲಿಷರಿಗೆ ಒಪ್ಪಿಸಿ ೧೮೬೦ರಲ್ಲಿ ಮರಳಿ ಪಡೆದನು. ೧೯೫೬ರಲ್ಲಿ ಅದು ಕನ್ನಡ ರಾಜ್ಯವನ್ನು ಸೇರಿತು. ಇಷ್ಟನ್ನೇ ಓದಿದವರಿಗೆ ಇದೊಂದು ರಣರಂಗವೆಂದೂ ಗಡಿಯೆಂದೂ ತೋರುವುದು ಸಹಜ. ಆದರೆ ಗಡಿಯೆಂಬುದು ರಾಜಧಾನಿಯಲ್ಲಿ ಕುಳಿತವರ ಮಾತು. ಅಲ್ಲಿ ಒಲೆ ಹೂಡಿದವರಿಗೆ ಅದೇ ನಾಡಿನ ನಡು.

ಕನ್ನಡ ಶಾಸನಗಳಲ್ಲಿ ಈ ಸೀಮೆಗೆ ಎಡೆದೊರೆನಾಡೆಂದು ಹೆಸರು. ತೊರೆಗಳ ಎಡೆಯ ನಾಡು. ರಾಜೇಂದ್ರ ಚೋಳನು ತಾನು ಗೆದ್ದ ನಾಡುಗಳನ್ನು ತಮಿಳಿನಲ್ಲಿ ಹಾಡಿಸಿಕೊಂಡಾಗಲೂ 'ಇಡೈತುರೈನಾಡು' ಆ ಪಟ್ಟಿಯಲ್ಲಿ ಸೇರಿತು. ರಾಯಚೂರಿನ ಕೋಟೆಯ ಗೋಡೆಯಲ್ಲಿ ಸುಮಾರು ೪೧ ಅಡಿ ಉದ್ದದ ಒಂದೇ ಕಲ್ಲುಂಟು. ಅದರ ಮೇಲಿನ ತೆಲುಗು ಶಾಸನ ೧೨೯೪ರ ಕಾಕತೀಯರ ಕಾಲದ್ದು. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ತಂದ ಬಗೆಯನ್ನೂ ಅಲ್ಲಿ ಕೊರೆದಿದ್ದಾರೆ. ನೋಡತಕ್ಕದ್ದೇ. ಆದರೆ ಈ ನಾಡಿನ ವಯಸ್ಸನ್ನು ಅಳೆಯಲು ಕೋಟೆ ಸಾಲದು.

ಅದಕ್ಕಾಗಿ ಪಡುವಣ ದಿಕ್ಕಿಗೆ, ಲಿಂಗಸುಗೂರಿನ ಕಡೆಗೆ ಹೊರಡಬೇಕು. ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ೧೯೫೨ರಲ್ಲಿ ರೇಮಂಡ್ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಅಗೆತ ನಡೆಸಿದರು. ಬಂಡೆಗಳ ಮರೆಯಲ್ಲಿ ವಾಸಿಸಿ, ನಯಗೊಳಿಸಿದ ಕಲ್ಗೊಡಲಿಗಳನ್ನು ಬಳಸಿ, ದನ ಸಾಕುತ್ತಿದ್ದ ಜನರ ನೆಲೆ ಅಲ್ಲಿ ಬೆಳಕಿಗೆ ಬಂತು. ಬಂಡೆಗಳ ಮೇಲೆ ಎತ್ತುಗಳ ಚಿತ್ರಗಳಿವೆ.

ಈ ಸೀಮೆಯಲ್ಲಿಯೂ ನೆರೆಯ ಬಳ್ಳಾರಿ ಸೀಮೆಯಲ್ಲಿಯೂ ವಿಚಿತ್ರವಾದ ಬೂದಿಯ ದಿಬ್ಬಗಳುಂಟು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವು ವಾಲಿಯನ್ನು ದಹಿಸಿದ ಬೂದಿಯೆಂದು ಜನರ ನಂಬಿಕೆ. ಇವುಗಳ ಗುಟ್ಟನ್ನು ಒಡೆದದ್ದು, ಇಂದು ತೆಲಂಗಾಣಕ್ಕೆ ಸೇರಿರುವ ಉಟ್ನೂರಿನಲ್ಲಿ ೧೯೫೭ರಲ್ಲಿ ಆಲ್ಚಿನ್ ನಡೆಸಿದ ಅಗೆತ. ಅಲ್ಲಿ ಕಂಬಗಳನ್ನು ನೆಟ್ಟು ಕಟ್ಟಿದ ದೊಡ್ಡಿಯ ಗುರುತುಗಳಿದ್ದವು. ಬೂದಿಯ ಪದರದಲ್ಲಿ ದನಗಳ ಗೊರಸಿನ ಅಚ್ಚುಗಳೂ ಉಳಿದಿದ್ದವು. ದೊಡ್ಡಿಯಲ್ಲಿ ಸೇರಿದ ಸಗಣಿಗೆ ಆಗಾಗ ಬೆಂಕಿಯಿಡುತ್ತಿದ್ದರು. ಬೂದಿಯ ಮೇಲೆ ಬೂದಿ ಸೇರಿ ದಿಬ್ಬವಾಯಿತು. ಈ ಬೆಂಕಿಗೆ ವರ್ಷಾವಧಿಯ ಹಬ್ಬದ ಸಂಬಂಧವಿದ್ದೀತೆಂದು ಆಲ್ಚಿನ್ ಊಹಿಸಿದರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ಕಂಡ ಕನ್ನಡಿಗರಿಗೆ ಆ ಊಹೆ ಅಷ್ಟು ದೂರದ್ದೆನಿಸದು. ಈ ನೆಲೆಗಳಲ್ಲಿ ಹಳೆಯವುಗಳಿಗೆ ನಾಲ್ಕು ಸಾವಿರ ವರ್ಷಗಳಿಗೂ ಮೀರಿದ ವಯಸ್ಸು. ಆ ಕಾಲದ ಜನ ಬೆಳೆದ ಕಾಳುಗಳಲ್ಲಿ ಹುರುಳಿಯೂ ಹೆಸರೂ ಸೇರಿವೆ. ಇಂದಿನ ಅಡುಗೆಮನೆಯ ಹುರುಳಿಸಾರಿನ ವಂಶವೃಕ್ಷ ಅಷ್ಟು ಹಿಂದಕ್ಕೆ ಹೋಗುತ್ತದೆ!

ಲಿಂಗಸುಗೂರಿನ ಆಸುಪಾಸಿನಲ್ಲಿಯೇ ಹಟ್ಟಿಯ ಚಿನ್ನದ ಗಣಿ. ಹಟ್ಟಿಯೆಂದರೆ ದನ ಕಾಯುವವರ ಬೀಡು ತಾನೆ? ಆಧುನಿಕ ಯಂತ್ರಗಳು ಬರುವುದಕ್ಕೆ ಬಹುಕಾಲ ಮುಂಚೆಯೇ ಯಾರೋ ಅಲ್ಲಿ ಬಂಡೆಯನ್ನು ಕೊರೆಯುತ್ತ ಆರುನೂರು ಅಡಿಗಳಷ್ಟು ಆಳಕ್ಕೆ ಇಳಿದಿದ್ದರು. ಅವರ ಹೆಸರನ್ನು ಯಾವ ಶಾಸನವೂ ಹೇಳುವುದಿಲ್ಲ.

ಚಿನ್ನದ ಶೋಧವೇ ಇನ್ನೊಂದು ನಿಧಿಗೆ ದಾರಿ ತೋರಿತು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಬ್ರಾಹ್ಮೀ ಅಕ್ಷರಗಳನ್ನು ಕಂಡನು. ಅದುವರೆಗೆ ತಿಳಿದಿದ್ದ ಧರ್ಮಲಿಪಿಗಳು ತಮ್ಮ ಒಡೆಯನನ್ನು ದೇವಾನಾಂಪ್ರಿಯ ಪ್ರಿಯದರ್ಶಿಯೆಂದಷ್ಟೇ ಕರೆದಿದ್ದವು. ಅವನೇ ಅಶೋಕನೆಂಬುದು ವಿದ್ವಾಂಸರ ತರ್ಕವಾಗಿತ್ತು. ಮಸ್ಕಿಯ ಬಂಡೆ 'ಅಶೋಕ' ಎಂಬ ಹೆಸರನ್ನೇ ಹೇಳಿ ಸಂಶಯವನ್ನು ಕಳೆಯಿತು. ಪಾಟಲಿಪುತ್ರದಿಂದ ಇಷ್ಟು ದೂರಕ್ಕೆ ಸಾಮ್ರಾಟನು ಸಂದೇಶ ಕಳುಹಿಸಬೇಕಾದರೆ ಇಲ್ಲಿ ಕೇಳುವ ಕಿವಿಗಳು ಇದ್ದಿರಲೇಬೇಕು. ನಿರ್ಜನವಾದ ಕಾಡಿಗೆ ಯಾರೂ ಓಲೆ ಬರೆಯುವುದಿಲ್ಲ.

ಸಿಂಧನೂರನ್ನು ದಾಟಿ ಗಂಗಾವತಿಯ ಕಡೆಗೆ ನಡೆದರೆ ಹಿರೇಬೆಣಕಲ್ಲಿನ ಗುಡ್ಡ. ಅದರ ಮೇಲೆ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ನೂರಾರು ಕಲ್ಮನೆಗಳಿವೆ. ಕೆಲವು ಆಳೆತ್ತರಕ್ಕೂ ಮೀರಿದವು. ಕಬ್ಬಿಣದ ಕಾಲದ ಜನರು ತಮ್ಮ ಹಿರಿಯರ ನೆನಪಿಗಾಗಿ ಕಟ್ಟಿದ ಈ ಸಾಲುಗಳನ್ನು ಊರವರು ಮೋರ್ಯರೆಂಬ ಕುಳ್ಳರ ಮನೆಗಳೆನ್ನುತ್ತಾರೆ. ತಮ್ಮವರನ್ನು ಹೀಗೆ ಶಾಶ್ವತವಾಗಿ ನೆಲೆಗೊಳಿಸಿದ ಜನಕ್ಕೆ ಈ ನೆಲ ಹಾದುಹೋಗುವ ದಾರಿಯಾಗಿರಲಿಲ್ಲ.

ಇನ್ನೂ ಪಡುವಲಿಗೆ ಕೊಪ್ಪಳ. ಅಲ್ಲಿನ ಗವಿಮಠದ ಬಂಡೆಯಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಶಾಸನಗಳಿವೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಈ ಕೊಪಣವೂ ಒಂದು. ದಂಡುಗಳಿಗೆ ಗಡಿಯಾಗಿದ್ದ ಸೀಮೆ ನುಡಿಗೆ ತಿರುಳಾಗಿತ್ತು!

ಜನ ಬಂದು ನೆಲೆಸುವುದು ಇಲ್ಲಿ ಇನ್ನೂ ನಿಂತಿಲ್ಲ. ತುಂಗಭದ್ರಾ ಅಣೆಕಟ್ಟಿನ ಕಾಲುವೆ ಹರಿದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಸಿಂಧನೂರಿನ ಬಳಿ ಮನೆಗಳಾದವು. ಬಂಜರೆಂದು ಹೆಸರಾದ ನೆಲ ಹಸುರಾಯಿತು. ಆದರೆ ಮೊದಲು ನೆಲೆಸಿದವರ ಗುರುತು ಸವೆಯುತ್ತಿದೆ. ಬೂದಿದಿಬ್ಬಕ್ಕೆ ಕೋಟೆಯ ಠೀವಿಯಿಲ್ಲ, ಶಾಸನದ ಅಕ್ಷರವಿಲ್ಲ. ಎಷ್ಟೋ ದಿಬ್ಬಗಳ ಬೂದಿಯನ್ನು ಜನರು ಹೊಲಗಳಿಗೆ ಹೇರಿಕೊಂಡು ಹೋದರು. ಕೆಲವನ್ನು ರಸ್ತೆ ಸೀಳಿತು. ಅರಸರ ಜಗಳವನ್ನು ಪುಸ್ತಕಗಳು ಉಳಿಸಿಕೊಂಡಾವು. ಒಂದು ಹಸುವಿನ ಗೊರಸು ನಾಲ್ಕು ಸಾವಿರ ವರ್ಷಗಳ ಹಿಂದೆ ಬೂದಿಯಲ್ಲಿ ಒತ್ತಿದ ಅಚ್ಚಿಗೆ ಆ ದಿಬ್ಬವಲ್ಲದೆ ಬೇರೆ ಪುಸ್ತಕವಿಲ್ಲ.