ಶೀತದ ಸವಾರಿ

ನನ್ನ ಮೂಗಿಗೂ ಮುಂಗಾರಿಗೂ ಇರುವ ನಂಟು ಬಹಳ ಹಳೆಯದು. ಜೂನ್ ತಿಂಗಳ ಮೊದಲ ವಾರದಲ್ಲಿ ಇತ್ತ ಶಾಲೆಯ ಬಾಗಿಲು ತೆರೆಯುತ್ತದೆ, ಅತ್ತ ಆಕಾಶದ ಬಾಗಿಲು ತೆರೆಯುತ್ತದೆ. ಇವೆರಡೂ ತೆರೆದೊಡನೆ ನನ್ನ ಮೂಗಿನ ಎರಡು ಬಾಗಿಲುಗಳೂ ಮುಚ್ಚಿಕೊಳ್ಳುತ್ತವೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಕಾಸರಗೋಡು ಸೀಮೆಯಲ್ಲಿ ಹುಟ್ಟಿ, ಇಲ್ಲಿಯೇ ಬೆಳೆದು, ಇಲ್ಲಿಯೇ ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತ ಐವತ್ತು ದಾಟಿದ ನನ್ನಂಥವನಿಗೆ ಇದು ವಿಶೇಷವೇನೂ ಅಲ್ಲ. ಆದರೂ ಈ ವರ್ಷದ ಶೀತವನ್ನು ಕುರಿತು ಎರಡು ಮಾತು ಬರೆಯಲೇಬೇಕೆನಿಸಿದೆ.

ಮನೆಯಲ್ಲಿ ನಾವು ಇದನ್ನು ಶೀತ ಎನ್ನುತ್ತೇವೆ. ಪಾಠಪುಸ್ತಕದ ಭಾಷೆಯಲ್ಲಿ ಅದು ನೆಗಡಿ. ನೆರೆಯ ಮಲಯಾಳಿ ಮಿತ್ರರು ಜಲದೋಷಂ ಎಂದು ಹೇಳಿ ಎಲ್ಲ ಅಪರಾಧವನ್ನೂ ನೀರಿನ ತಲೆಗೆ ಕಟ್ಟಿಬಿಡುತ್ತಾರೆ. ಏಳು ಭಾಷೆಗಳ ಸಂಗಮವೆಂದು ಹೆಸರಾದ ಈ ನೆಲದಲ್ಲಿ ಏಳರಲ್ಲಿಯೂ ಅರ್ಥವಾಗುವ ಒಂದೇ ಉದ್ಗಾರವೆಂದರೆ ಸೀನು.

ನೀರಿನದು ನಿಜಕ್ಕೂ ದೋಷವೇ ಎಂಬ ವಿಚಾರದಲ್ಲಿ ನನಗೂ ನನ್ನ ಮನೆಯಾಕೆಗೂ ಮೂವತ್ತು ವರ್ಷಗಳ ವ್ಯಾಜ್ಯವಿದೆ. ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ ಶೀತದ ಸಂಶೋಧನೆಗೆಂದೇ 1946ರಲ್ಲಿ ಒಂದು ಕೇಂದ್ರ ತೆರೆದು, ಸುಮಾರು 1990ರವರೆಗೆ ನಡೆಸಿದರು. ತಾವಾಗಿ ಮುಂದೆ ಬಂದ ಆರೋಗ್ಯವಂತರನ್ನು ನೀರಿನಲ್ಲಿ ನೆನೆಸಿ, ಗಾಳಿ ಬೀಸುವ ಓಣಿಯಲ್ಲಿ ನಡುಗುತ್ತ ನಿಲ್ಲಿಸಿ ನೋಡಿದರಂತೆ. ಬರಿಯ ಚಳಿಯಿಂದ ಯಾರಿಗೂ ಶೀತ ಹಿಡಿಯಲಿಲ್ಲ. ಅದು ಹರಡುವುದು ವೈರಾಣುವಿನಿಂದ, ಕೈಯಿಂದ ಕೈಗೆ, ಉಸಿರಿನಿಂದ ಉಸಿರಿಗೆ. ಆ ವೈರಾಣುಗಳಲ್ಲಿ ನೂರಕ್ಕೂ ಮಿಕ್ಕಿದ ಬಗೆಗಳಿರುವುದರಿಂದ ಒಮ್ಮೆ ಬಂದುದು ಮತ್ತೆ ಬಾರದೆಂಬ ಭರವಸೆಯಿಲ್ಲ. ಇಷ್ಟನ್ನೂ ನಾನು ವಿವರಿಸಿದಾಗ ಮನೆಯಾಕೆ ಹೇಳಿದ್ದು ಒಂದೇ ಮಾತು: “ಆ ದೊರೆಗಳು ನಮ್ಮೂರ ಮಳೆ ಕಂಡಿಲ್ಲ. ಮೊದಲು ತಲೆ ಒರಸಿಕೊಳ್ಳಿ.” ಬೈರಾಸು ಕೈಗೆ ಬಂತು, ಹಿಂದಿನಿಂದ ಕಾಳುಮೆಣಸು, ಶುಂಠಿ, ತುಳಸಿ, ಸಾಂಬ್ರಾಣಿ ಸೊಪ್ಪು ಕುದಿಸಿದ ಕಷಾಯವೂ ಬಂತು.

ಅಂದು ಶಾಲೆ ತೆರೆದು ಆರನೆಯ ಕೆಲಸದ ದಿನ. ಕೇರಳದ ಶಾಲೆಗಳ ಪಂಚಾಂಗದಲ್ಲಿ ಈ ಆರನೆಯ ದಿನಕ್ಕಿರುವ ಮಹತ್ವ ಹೊರಗಿನವರಿಗೆ ತಿಳಿಯದು. ಆ ದಿನ ಹಾಜರಿಪಟ್ಟಿಯಲ್ಲಿ ಎಷ್ಟು ಹೆಸರುಗಳಿವೆಯೋ ಅದರ ಮೇಲೆಯೇ ವರ್ಷದ ಲೆಕ್ಕ. ಅಧ್ಯಾಪಕರ ಹುದ್ದೆ ಉಳಿಯುವುದೂ ಅಳಿಯುವುದೂ ಆ ಲೆಕ್ಕದಿಂದ. ಮಕ್ಕಳ ಸಂಖ್ಯೆ ತೀರ ಕುಗ್ಗಿದ ಶಾಲೆಗಳಿಗೆ ‘ಅನ್‌ಎಕನಾಮಿಕ್’ ಎಂಬ ಬಿರುದು ಬೇರೆ. ಅಕ್ಷರ ಕಲಿಸುವುದರಲ್ಲಿಯೂ ಲಾಭನಷ್ಟಗಳನ್ನು ಕಂಡ ಪುಣ್ಯಾತ್ಮರು ಯಾರೋ! ನಮ್ಮದು ಕನ್ನಡ ಮಾಧ್ಯಮದ ಕಿರಿಯ ಪ್ರಾಥಮಿಕ ಶಾಲೆ. ಒಂದನೆಯ ತರಗತಿಗೆ ಅಂದಿನವರೆಗೆ ಸೇರಿದವರು ಒಂಬತ್ತು ಮಂದಿ. ಹತ್ತನೆಯವನೊಬ್ಬ ಬರಬೇಕಾಗಿತ್ತು. ಅವನ ತಂದೆ ನನ್ನ ಹಳೆಯ ವಿದ್ಯಾರ್ಥಿ. ಏಪ್ರಿಲ್‌ನಲ್ಲಿ ಕೇಳಿದಾಗ “ಸೇರಿಸುತ್ತೇನೆ ಮಾಸ್ಟ್ರೇ” ಎಂದ, ಮೇಯಲ್ಲಿ ಕೇಳಿದಾಗಲೂ ಅದನ್ನೇ ಅಂದ, ಪ್ರವೇಶೋತ್ಸವದ ದಿನ ಮಾತ್ರ ಕಾಣಿಸಲಿಲ್ಲ. ಕಲಿಸಿದ ಮಾಸ್ಟ್ರ ಮುಖ ನೋಡಿ ಇಲ್ಲವೆನ್ನಲಾರದವರು ನಮ್ಮ ಹಳೆಯ ವಿದ್ಯಾರ್ಥಿಗಳು. ಅದೇ ಕಾರಣದಿಂದ ಅವರ ಒಪ್ಪಿಗೆಯನ್ನು ನಂಬುವಂತಿಲ್ಲ.

ಜ್ವರವಿರಲಿಲ್ಲ, ಎದೆಯಲ್ಲಿ ಕಫವಿರಲಿಲ್ಲ. ಉಪದ್ರವವೆಲ್ಲ ಕುತ್ತಿಗೆಯಿಂದ ಮೇಲೆ. ಕುತ್ತಿಗೆಯಿಂದ ಕೆಳಗಿಳಿದರೆ ಮಾತ್ರ ಮೈಗೆ ಶ್ರಮ ಕೊಡಬಾರದೆಂದು ವೈದ್ಯರು ಹೇಳುವುದನ್ನು ನೆನೆದು ಸೈಕಲನ್ನು ಹೊರಗೆಳೆದೆ. ಹೊರಡುವಾಗ ಸೀನಿದೆ. ಒಂಟಿ ಸೀನು ಅಪಶಕುನ. ಜಗಲಿಯಲ್ಲಿ ಕುಳಿತಿದ್ದ ನನ್ನ ಅಮ್ಮ “ಸ್ವಲ್ಪ ಕೂತು ಹೋಗು” ಎಂದರು. ಕೂರುವ ಮೊದಲೇ ಇನ್ನೊಂದು ಸೀನು ಬಂದು ಶಕುನವನ್ನು ಸರಿಪಡಿಸಿತು. ಮೂರನೆಯದು ಬಂದರೆ ಲೆಕ್ಕ ಮತ್ತೆ ಕೆಡುವುದೆಂದು ಬೇಗ ಪೆಡಲು ತುಳಿದೆ.

ಶೀತವಿರುವಾಗ ಸೈಕಲು ತುಳಿಯುವುದು ಒಂದು ಬೇರೆಯೇ ವಿದ್ಯೆ. ಏರಿನಲ್ಲಿ ಶ್ವಾಸ ಬೇಕು, ಮೂಗು ಕೊಡುವುದಿಲ್ಲ. ಬಾಯಿ ತೆರೆದರೆ ಮಳೆಯ ನೀರು ಒಳಗೆ. ಕಿವಿ ಗುಂಯ್ ಎನ್ನುತ್ತಿರುವುದರಿಂದ ಹಿಂದೆ ಬರುವ ಬಸ್ಸಿನ ಹಾರನ್ನು ಎಲ್ಲೋ ಸುರಂಗದಿಂದ ಬಂದಂತೆ ಕೇಳಿಸುತ್ತದೆ. ಆದರೆ ನಿಜವಾದ ಅಪಾಯವಿರುವುದು ಇಳಿಜಾರಿನಲ್ಲಿ. ಸೀನುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಆ ಅರ್ಧ ಕ್ಷಣದಲ್ಲಿ ಸೈಕಲು ನಿಲ್ಲುವುದಿಲ್ಲ. ತಡೆಯಬಾರದ ಹದಿಮೂರು ವೇಗಗಳಲ್ಲಿ ಸೀನನ್ನೂ ಚರಕಸಂಹಿತೆ ಸೇರಿಸಿದೆ. ಆದರೆ ಚರಕಾಚಾರ್ಯರು ಒದ್ದೆಯಾದ ಬ್ರೇಕು ಹಿಡಿದುಕೊಂಡು ಮುರಕಲ್ಲಿನ ಗುಡ್ಡ ಇಳಿದವರಲ್ಲ. ನಮ್ಮ ದಾರಿಯಲ್ಲಿ ಅಂಥ ಇಳಿತವೊಂದಿದೆ. ಕೆಳಗೆ ತೋಡು, ತೋಡಿಗೆ ಸಂಕ, ಸಂಕಕ್ಕೆ ಒಂದೇ ಬದಿಯಲ್ಲಿ ಕೈತಾಂಗು. ಅಲ್ಲಿ ತಲುಪುವಷ್ಟರಲ್ಲಿ ಮೂಗಿನ ತುದಿಯಲ್ಲಿ ತುರಿಕೆ ಆರಂಭವಾಯಿತು. ಸೀನಿದೆ. ಕಣ್ಣು ತೆರೆದಾಗ ಮುಂದಿನ ಚಕ್ರ ಹಾವಸೆಯ ಮೇಲೆ ಜಾರುತ್ತ ಕೈತಾಂಗು ಇಲ್ಲದ ಬದಿಗೆ ಹೊರಟಿತ್ತು. ಎಡಗಾಲನ್ನು ನೆಲಕ್ಕೆ ಊರಿ ಹೇಗೋ ನಿಂತೆ. ಚಪ್ಪಲಿಯ ಬಾರು ಕಿತ್ತುಹೋಗಿತ್ತು. ಕೆಳಗೆ ಕೆಂಪು ನೀರು ಭರದಿಂದ ಹರಿಯುತ್ತಿತ್ತು. ಕೈಕಾಲುಗಳ ನಡುಕ ನಿಂತ ಮೇಲೆ ನೋಡಿದೆ. ಚೀಲದಲ್ಲಿದ್ದ ಪ್ರವೇಶದ ಅರ್ಜಿ ನೆನೆದಿರಲಿಲ್ಲ.

ಹುಡುಗನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಅಜ್ಜಿಯೇ ಎದುರಾದರು. “ಬನ್ನಿ ಮಾಸ್ಟ್ರೇ, ಮೇಲೆ ಬನ್ನಿ” ಎಂದು ಮಣೆಯಿಟ್ಟು ಬೆಲ್ಲ, ನೀರು ತಂದಿಟ್ಟರು. ನಾನು ಅಂಗಳದಲ್ಲಿಯೇ ನಿಂತೆ. ಒಳಗೆ ತೊಟ್ಟಿಲಲ್ಲಿ ಎಳೆಯ ಮಗುವಿನ ಸದ್ದು ಕೇಳಿಸುತ್ತಿತ್ತು. “ಬೇಡಮ್ಮ, ಇಲ್ಲಿಯೇ ಸಾಕು” ಎಂದೆ. ಮಾಸ್ಕಿನೊಳಗಿಂದ ಬಂದ ಮಾತು ಅವರಿಗೆ ಬಿಗುಮಾನವಾಗಿ ಕೇಳಿಸಿರಬೇಕು. ಬಾಗಿಲಿಗೆ ಬಂದವರು ಬೆಲ್ಲ ನೀರು ಮುಟ್ಟದೆ ನಿಲ್ಲುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಅಜ್ಜಿಯ ಮುಖ ಕಳೆಗುಂದಿತು. “ಹುಡುಗನನ್ನು ಕಳುಹಿಸಲಿಲ್ಲವೆಂದು ಸಿಟ್ಟೋ?” ಎಂದರು. ಉತ್ತರ ಹೇಳಲು ಹೊರಟವನು ಒಂದರ ಮೇಲೊಂದರಂತೆ ನಾಲ್ಕು ಬಾರಿ ಸೀನಿದೆ. ತೆಂಗಿನ ಬುಡದಲ್ಲಿದ್ದ ಕೋಳಿ ಹಾರಿಹೋಯಿತು. ಅಜ್ಜಿ ನಕ್ಕರು. “ಹಾಗೆ ಹೇಳಬಾರದೇ!” ಎಂದು ಒಳಗೆ ಹೋಗಿ ಬಿಸಿ ಕಷಾಯ ತಂದು ಅಂಗಳದ ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತರು.

ಹೀಗೆ ದೂರ ಸರಿಯುವುದನ್ನು ನಾವು ಕಲಿತದ್ದು ಇತ್ತೀಚೆಗೆ. 2020ರ ಮಾರ್ಚ್ ಕೊನೆಯಲ್ಲಿ ಗಡಿಯ ದಾರಿಗಳನ್ನು ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿದ್ದ ಈ ಕಡೆಯ ರೋಗಿಗಳು ದಾರಿಯಲ್ಲಿಯೇ ಉಳಿದುಹೋದುದನ್ನು ಇಲ್ಲಿ ಯಾರೂ ಮರೆತಿಲ್ಲ. 2021ರ ನವೆಂಬರ್ 1ರಂದು ಶಾಲೆಗಳು ಮತ್ತೆ ತೆರೆದಾಗ ಮಕ್ಕಳು ಒಬ್ಬರು ಸೀನಿದರೆ ಉಳಿದವರು ಬೆಂಚಿನ ತುದಿಗೆ ಸರಿಯುತ್ತಿದ್ದರು. ಮೊದಲು ಸೀನು ಬರಿಯ ಸೀನಾಗಿತ್ತು. ಈಗ ಅದರ ಹಿಂದೆ ಒಂದು ಪ್ರಶ್ನೆಯೂ ಬರುತ್ತದೆ.

ತಂದೆ ಹೊರಬಂದ. ನೆಲ ನೋಡುತ್ತ ಹೇಳಿದ: “ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ರಸ್ತೆಯವರೆಗೆ ಬರುತ್ತದೆ ಮಾಸ್ಟ್ರೇ. ನಿಮ್ಮಲ್ಲಿಗೆ ಈ ಮಳೆಯಲ್ಲಿ ಗುಡ್ಡ ಇಳಿದು ಸಂಕ ದಾಟಬೇಕು. ಸಣ್ಣವನು.” ಅರ್ಧ ಗಂಟೆಯ ಹಿಂದೆ ಆ ಸಂಕ ನನಗೆ ಏನು ಮಾಡಿತ್ತೆಂದು ನನಗೆ ತಿಳಿದಿತ್ತು. ಕನ್ನಡ ಉಳಿಯಬೇಕು, ಮಾತೃಭಾಷೆಯಲ್ಲಿ ಕಲಿಯಬೇಕು ಎಂದು ವೇದಿಕೆಗಳಲ್ಲಿ ಆಡಿದ ಮಾತುಗಳೆಲ್ಲ ಗಂಟಲಿನಲ್ಲಿ ನಿಂತವು, ಗಂಟಲೂ ಕಟ್ಟಿತ್ತೆನ್ನಿ. ಅವನು ಹೇಳಿದುದು ಸುಳ್ಳಲ್ಲ. “ಮಳೆಗಾಲ ಮುಗಿಯುವವರೆಗೆ ಹೋಗುವಾಗ ಬರುವಾಗ ನಾನೇ ಜೊತೆಗಿರುತ್ತೇನೆ” ಎಂದೆ. ಹೇಳಿದ ಮೇಲೆ, ಹೇಳಿದ್ದು ಎಷ್ಟು ದೊಡ್ಡ ಮಾತೆಂಬುದು ಹೊಳೆಯಿತು.

ಬಾಗಿಲ ಮರೆಯಲ್ಲಿದ್ದ ಹುಡುಗ ಅಷ್ಟರಲ್ಲಿ ಅಂಗಳಕ್ಕಿಳಿದು ಸೈಕಲಿನ ಗಂಟೆ ಬಾರಿಸುತ್ತಿದ್ದ. “ಇದರಲ್ಲಿ ಕೂರಿಸುತ್ತೀರಾ?” ಎಂದು ಕೇಳಿದ. ನನ್ನ ಹಿಂದೆ, ಗಾಳಿಗೆ ಬೆನ್ನ ಮರೆಯಲ್ಲಿ, ನನ್ನ ಉಸಿರಿನ ದಾರಿಯಲ್ಲಿ ಆ ಮಗುವನ್ನು ಕೂರಿಸುವುದು ತರವಲ್ಲವೆಂದು ಬುದ್ಧಿ ಹೇಳಿತು. ತಂದೆ ಅರ್ಜಿಗೆ ಸಹಿ ಹಾಕುತ್ತಿದ್ದ. ಅವನ ಮನಸ್ಸು ತಿರುಗೀತೆಂಬ ಭಯ ಬುದ್ಧಿಗಿಂತ ದೊಡ್ಡದಾಯಿತು. ಕೂರಿಸಿದೆ.

ಇಳಿತದ ತಲೆಯಲ್ಲಿ ನಾನು ಇಳಿದು, ಹುಡುಗನನ್ನು ಕ್ಯಾರಿಯರಿನಲ್ಲಿಯೇ ಬಿಟ್ಟು, ಸೈಕಲನ್ನು ಎರಡೂ ಕೈಗಳಿಂದ ಬಿಗಿಹಿಡಿದು ಹೆಜ್ಜೆ ಹೆಜ್ಜೆಯಾಗಿ ಇಳಿಸಿದೆ. ತಂದೆ ಕೊಡೆ ಹಿಡಿದು ಬದಿಯಲ್ಲಿ ನಡೆದ. ಬಾರು ಕಿತ್ತ ಚಪ್ಪಲಿ ಚೀಲದಲ್ಲಿತ್ತು. ಸಂಕದ ನಡುವೆ ಮತ್ತೆ ಸೀನು ಬಂತು. ನಿಂತು, ಮುಖವನ್ನು ತೋಡಿನ ಕಡೆಗೆ ತಿರುಗಿಸಿ ಸೀನಿದೆ. “ನಿಮ್ಮ ಶಾಲೆಯಲ್ಲಿ ಎಲ್ಲರಿಗೂ ಶೀತವೇ?” ಎಂದು ಹುಡುಗ ಕೇಳಿದ. “ಇಲ್ಲ, ಹೆಡ್‌ಮಾಸ್ಟ್ರಿಗೆ ಮಾತ್ರ” ಎಂದೆ.

ಹನ್ನೊಂದು ಗಂಟೆಯ ಹೊತ್ತಿಗೆ ಅವನ ಹೆಸರು ಇಲಾಖೆಯ ‘ಸಂಪೂರ್ಣ’ ತಂತ್ರಾಂಶದಲ್ಲಿ ದಾಖಲಾಯಿತು. ಒಂಬತ್ತಿದ್ದುದು ಹತ್ತಾಯಿತು. ನಾನು ಆ ದಿನ ತರಗತಿಗೆ ಹೋಗದೆ ಕಚೇರಿಯ ಮೂಲೆಯಲ್ಲಿಯೇ ಕುಳಿತೆ.

ಮೂರನೆಯ ದಿನ ಬೆಳಗ್ಗೆ ಸಹೋದ್ಯೋಗಿ ಟೀಚರ್ ಹಾಜರಿ ಕರೆದು ಬಂದು, “ಹತ್ತನೆಯವನು ಬಂದಿಲ್ಲ” ಎಂದು ನನ್ನ ಮೂಗನ್ನೊಮ್ಮೆ ನೋಡಿದರು. ಎದೆ ಧಸಕ್ಕೆಂದಿತು. ಅಂದು ಬೆಳಗ್ಗೆ ನಾನು ಆ ದಾರಿಯಾಗಿ ಬಂದಿರಲಿಲ್ಲ. ಬ್ರೇಕಿನ ರಬ್ಬರು ಬದಲಾಯಿಸಲು ಸೈಕಲನ್ನು ಪೇಟೆಗೆ ಕೊಟ್ಟು ಬಸ್ಸಿನಲ್ಲಿ ಬಂದಿದ್ದೆ. ಹುಡುಗನನ್ನು ತಂದೆಯೇ ಕರೆತರುವನೆಂದು ಹಿಂದಿನ ದಿನವೇ ಮಾತಾಗಿತ್ತು. ಫೋನು ಮಾಡಿದೆ. ಅಜ್ಜಿ ತೆಗೆದರು. “ಶೀತ ಮಾಸ್ಟ್ರೇ, ಜ್ವರವಿಲ್ಲ. ಎಳೆ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸಿದ್ದೇವೆ. ನೀವು ಗಾಬರಿಪಡಬೇಡಿ” ಎಂದರು. ನನ್ನಿಂದಲೇ ಬಂದುದೆಂದು ಹೇಳಿ ಕ್ಷಮೆ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರೇ ಮುಂದುವರಿಸಿದರು: “ಇವನು ಬೆಳಗಿನಿಂದ ಜಗಲಿಯಲ್ಲಿ ಚೀಲ ಹಾಕಿಕೊಂಡು ಕೂತಿದ್ದಾನೆ. ಸೈಕಲು ಯಾಕೆ ಬರಲಿಲ್ಲವೆಂದು ಕೇಳುತ್ತಾನೆ. ಏನು ಹೇಳಲಿ?”