ನಮ್ಮ ಅಂಬಾಸಿಡರ್ ಕಾರಿಗೆ ವಯಸ್ಸೆಷ್ಟು?

ನಮ್ಮ ಹಿತ್ತಲ ತಗಡಿನ ಶೆಡ್ಡಿನ್ಯಾಗ ಒಂದು ಅಂಬಾಸಿಡರ್ ಕಾರು ಐತಿ, ನಮ್ಮನಿಗೆ ಬಂದು ಹೋಗೋ ನಿಮಗೆಲ್ಲ ಗೊತ್ತು. ಮೈಲಾರ ಜಾತ್ರಿಗೆ ಬಂದಾಗ ಅದರ ಬಾನೆಟ್ ಮ್ಯಾಲೆ ಬುತ್ತಿ ಬಿಚ್ಚಿ ಉಂಡೋರೂ ನಿಮ್ಮೊಳಗ ಅದೀರಿ. 1989ರಾಗ ನಾನು ಮದುವಿ ಆಗಿ ಈ ಮನಿಗೆ ಬಂದದ್ದು ಅದ್ರಾಗನ. ಈಗ ಹನ್ನೆರಡು ವರ್ಷದಿಂದ ನಿಂತಲ್ಲೇ ನಿಂತೈತಿ. ಹಿಂದಿನ ಸೀಟಿನ್ಯಾಗ ಬೆಕ್ಕು ಮರಿ ಹಾಕತೈತಿ.

ಆ ಕಾರಿಂದು ಒಂದು ಕತಿ ಐತಿ, ಅದನ್ನ ನಮ್ಮತ್ತಿ ಬಾಯಿಲೆ ಕೇಳಬೇಕು. 1977ರಾಗ ನಮ್ಮ ಮಾವ ಹೊಚ್ಚ ಹೊಸಾ ಕಾರು ತಂದ್ರು. ಅದಕ್ಕ ಅತ್ತಿಯ ಬೋರಮಾಳ, ನಾಕು ಬಳಿ ಹೋದವು. ಮನ್ಯಾಗ ಏನರ ಮಾತು ಬಂದ್ರ ಅತ್ತಿ "ನನ್ನ ಬೋರಮಾಳ ಶೆಡ್ಡಿನ್ಯಾಗ ನಿಂತೈತಿ" ಅಂತಾರ. ಆರ್‌ಸಿಯಾಗೂ 1977 ಅಂತನ ಐತಿ. ಆದ್ರ ಅದು ಆಮ್ಯಾಲೆ ತಗದ ನಕಲು. ಮೊದಲಿನ ಪುಸ್ತಕ ಮಳಿಗೆ ನೆನದು ಮುದ್ದಿ ಆಗಿ ಹೋಗಿತ್ತು. ತಯಾರಾದ ವರ್ಷ ಬರಿಯೋ ಜಾಗ ಖಾಲಿ.

ಹೋದ ತಿಂಗಳು ನನ್ನ ಮೈದುನ ಕಾರು ಮಾರೋಣು ಅಂತ ಹುಬ್ಬಳ್ಳಿ ಕಡಿಂದ ಒಬ್ಬರನ್ನ ಕರಕೊಂಡು ಬಂದ. ಹಳೇ ಗಾಡಿ ಕೂಡಿ ಹಾಕೋ ಹುಚ್ಚಿನೋರು. ಅವರು ಕಾರಿನ ಮೂತಿ ನೋಡಿದ್ರು, ಸಣ್ಣಗೆ ನಕ್ಕರು. "ಇದು ಮಾರ್ಕ್ 2 ಅಮ್ಮಾರ. 1975ಕ್ಕ ಮಾರ್ಕ್ 3 ಬಂತು. 77ರಾಗ ಹೊಸಾದು ಕೊಂಡಿದ್ರ ಮುಂದಿನ ಜಾಳಗಿ ಬ್ಯಾರೇನ ಇರಬೇಕಿತ್ತು" ಅಂದ್ರು. ನಮ್ಮನಿಯೋರಿಗೆ ಸಿಟ್ಟು ಬಂತು. "ನಮ್ಮಪ್ಪ ಸುಳ್ಳ ಹೇಳಿದ್ರೇನು?" ಅಂತ ಎದ್ದು ಹೋದ್ರು. ಮೈದುನ ಮಾತ್ರ ಕಣ್ಣರಳಿಸಿದ. ಯಾಕಂದ್ರ 2021ರಾಗ ಸರ್ಕಾರ ಒಂದು ನಿಯಮ ತಂದೈತಿ: ಮೊದಲು ನೋಂದಣಿ ಆಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 'ವಿಂಟೇಜ್' ಅಂತ ಬ್ಯಾರೆ ನೋಂದಣಿ. ಅದಕ್ಕ 20,000 ರೂಪಾಯಿ ಫೀ, ನಂಬರಿನ್ಯಾಗ 'ವಿಎ' ಅಂತ ಅಕ್ಷರ. ದಿನಾ ಓಡಿಸಂಗಿಲ್ಲ, ಆದ್ರ ಅಂಥಾ ಗಾಡಿಗೆ ಗಿರಾಕಿ ಬ್ಯಾರೆ, ರೇಟೂ ಬ್ಯಾರೆ.

ಗಂಡಸರು ಅಂಗಳದಾಗ ವಾದ ಮಾಡಕೋತ ಕುಂತ್ರು. ಕಾರಣಿಕದ ದಿನ ಗೊರವಯ್ಯ ಬಿಲ್ಲೇರಿ ಒಂದು ಮಾತು ನುಡದು ಕೆಳಗ ಬೀಳತಾನ, ವರ್ಷಪೂರ್ತಿ ಅದಕ್ಕ ತಮತಮಗ ಬೇಕಾದ ಅರ್ಥ ಹಚ್ಚಕೋತ ಮಂದಿ ಕುಂತಿರತಾರಲ್ಲ, ಹಂಗ. ನಾನು ಒಂದು ಹಳೇ ಅರಿವಿ, ಚಿಮಣಿ ಎಣ್ಣಿ, ಮೊಮ್ಮಗನ ಪೆನ್ಸಿಲ್ಲು ತಗೊಂಡು ಶೆಡ್ಡಿಗೆ ಹೋದೆ.

ನಾವು ಹೆಣ್ಮಕ್ಕಳು ಇಂಥಾ ಗುರುತು ದಿನಾ ಓದತೀವಿ. ಗ್ಯಾಸ್ ಸಿಲಿಂಡರಿನ ಕೊಳ್ಳಿನ ಪಟ್ಟಿ ಮ್ಯಾಲೆ ಬಿ-27 ಅಂತ ಇದ್ರ 2027ರ ಜೂನ್ ಒಳಗ ಅದರ ಪರೀಕ್ಷೆ ಆಗಬೇಕು ಅಂತ ಅರ್ಥ. ಎ ಅಂದ್ರ ಮಾರ್ಚ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. (ನೋಡಲಾರದ ತಗೋಬ್ಯಾಡ್ರೆವ್ವ.) ತವರುಮನಿ ಸ್ಟೀಲ್ ಡಬರಿ ಮ್ಯಾಲೆ ಕೊರಸಿದ ಹೆಸರು, ತಾರೀಖು ನೋಡಿ ಯಾರ ಮದುವ್ಯಾಗ ಬಂದದ್ದು ಅಂತ ಹೇಳತೀವಿ. ಕಾರೇನು ಮಹಾ!

ಬಾನೆಟ್ ಎತ್ತಿದ್ರ ಒಳಗ ಒಂದು ತಗಡಿನ ಪಟ್ಟಿ, ರಿವೆಟ್ ಹೊಡದು ಕುಂದ್ರಿಸ್ಯಾರ. ಮ್ಯಾಲೆ ಎಣ್ಣಿ ಜಿಡ್ಡು, ಧೂಳು, ಎರಡು ಪದರ ಬಣ್ಣ. ಅರ್ಧ ತಾಸು ತಿಕ್ಕಿದ ಮ್ಯಾಲೆ ಹಿಂದೂಸ್ತಾನ್ ಮೋಟರ್ಸ್ ಅಂತ ಕಾಣಿಸ್ತು, ಕೆಳಗ ಚಾಸಿ ನಂಬರು, ಎಂಜಿನ್ ನಂಬರು. ಕಾಗದ ಇಟ್ಟು ಮ್ಯಾಲೆ ಪೆನ್ಸಿಲ್ಲು ಆಡಿಸಿದೆ, ಸಣ್ಣಾಗಿದ್ದಾಗ ನಾಕಾಣೆ ಅಚ್ಚು ತಗೀತಿದ್ವಲ್ಲ, ಹಂಗ. ಆರ್‌ಟಿಓದಾಗ ಚಾಸಿ ನಂಬರಿಂದು ಹಿಂಗನ ಪ್ರಿಂಟ್ ತಗೀತಾರಂತ. ನಂಬರು ಆರ್‌ಸಿಗೆ ತಾಳಿ ಆತು. ಆದ್ರ ತಾರೀಖು ಎಲ್ಲೂ ಇಲ್ಲ.

ಮಗಗ ಫೋನ್ ಹಚ್ಚಿದೆ. ಈಗಿನ ಕಾರಿಗೆ 17 ಅಕ್ಷರ-ಅಂಕಿ ಇರತಾವು, ಬಾಳ ಕಂಪನಿಯೋರು ಹತ್ತನೇದ್ರಾಗ ವರ್ಷ ಅಡಗಿಸಿರತಾರ, ಹಳೇದಕ್ಕ ಆ ಪದ್ಧತಿ ಇಲ್ಲ ಅಂದ. ಕೇಳೋಣು ಅಂದ್ರ ಕಲಕತ್ತಾದ ಹತ್ರ ಉತ್ತರಪಾರಾದಾಗಿನ ಫ್ಯಾಕ್ಟರಿ 2014ರಾಗನ ನಿಂತು ಹೋಗೈತಿ. "ಲೂಕಾಸ್ ಸಾಮಾನು ನೋಡವಾ, ಅದರ ಮ್ಯಾಲೆ ತಯಾರಾದ ಕಾಲ ಒತ್ತಿರತಾರ" ಅಂದ.

ಡೈನಮೋ ತಿಕ್ಕಿದೆ. 34 71 ಅಂತ ಸಣ್ಣ ಅಂಕಿ. 34 ತಿಂಗಳಲ್ಲ, ದಿನಾನೂ ಅಲ್ಲ. ಟೈರಿನ ಮ್ಯಾಲೆ ನಾಕು ಅಂಕಿ ಇರತಾವಲ್ಲ, ಮೊದಲೆರಡು ವಾರ, ಕಡೀವೆರಡು ವರ್ಷ, ಇದೂ ಹಂಗ. 1971ರ 34ನೇ ವಾರ, ಅಂದ್ರ ಆಗಸ್ಟ್ ತಿಂಗಳು. ಒಂದು ಸಾಮಾನು ನೋಡಿ ತೀರ್ಮಾನ ಹೇಳಬಾರದು, ಯಾರರ ಗುಜರಿಯಿಂದ ತಂದು ಹಾಕಿರಬಹುದು. ಸ್ಟಾರ್ಟರ್ ಮೋಟರ್ ನೋಡಿದೆ: 29 71. ಎರಡೂ ಒಂದ ಹಂಗಾಮಿನವು. ಅಂದ್ರ 71ರ ಆಗಸ್ಟಿಗಿಂತ ಮುಂಚಿನದಲ್ಲ, ಬಾಳ ತಡಾನೂ ಅಲ್ಲ. ಆಮ್ಯಾಲೆ ಹಿಂದಿನ ನಂಬರ್ ಪ್ಲೇಟಿನ ಬಣ್ಣ ಕೆರದೆ. ನಮ್ಮ ನಂಬರಿನ ಕೆಳಗ ಇನ್ನೊಂದು ನಂಬರು ಕುಂತಿತ್ತು, ಶುರುವಿಗೆ 'ಎಪಿ' ಅಂತ. ಆಂಧ್ರದ್ದು.

ಅಲ್ಲೇ ನೆಲದ ಮ್ಯಾಲೆ ಕುಂತುಬಿಟ್ಟೆ. ಮೈದುನಗ ಇದು ಖುಷಿ ಸುದ್ದಿ, 50 ದಾಟಿತು. ಆದ್ರ ಅತ್ತಿಗೆ ಹೆಂಗ ಹೇಳೋದು? ಎಂಬತ್ನಾಕು ವರ್ಷದಾಕಿಗೆ, ನಿನ್ನ ಬೋರಮಾಳಕ್ಕ ಐದಾರು ವರ್ಷ ಯಾರೋ ಓಡಿಸಿ ಬಿಟ್ಟ ಗಾಡಿ ಬಂದಿತ್ತು ಅಂತ ಅನ್ನೋದೇನು? ಎರಡು ದಿನ ಸುಮ್ಮನಿದ್ದೆ. ಮೂರನೇ ದಿನ ಅವರ ತಲಿಗೆ ಎಣ್ಣಿ ಹಚ್ಚಕೋತ, ಬೆನ್ನ ಹಿಂದೆ ಇದ್ದೆ ನೋಡ್ರಿ, ಮಾರಿ ಕಾಣಂಗಿಲ್ಲ ಅಂತ ಧೈರ್ಯ ಬಂತು, ಹೇಳಿದೆ.

ಅತ್ತಿ ಕತ್ತು ಹೊಳ್ಳಿಸಲೇ ಇಲ್ಲ.

"ಗೊತ್ತೈತಿ ಬಿಡವಾ. ಬಂದ ದಿನಾನ ಹಿಂದಿನ ಸೀಟಿನ ಸಂದಿನ್ಯಾಗ ಕೂದಲ ಪಿನ್ನು ಸಿಕ್ಕಿತ್ತು. ಹೊಸಾ ಕಾರಿಗೆ ವರ್ಷಗಟ್ಟಲೆ ಪಾಳಿ ಇತ್ತು, ನಿಮ್ಮ ಮಾವ ನನಗ ಹೇಳೇ ತಂದಿದ್ರು. ಉಳಿದ ರೊಕ್ಕ ನಿನ್ನ ನಾದಿನಿ ಮದುವಿಗೆ ಹೋತು."

"ಮತ್ತ ಹೊಸಾದು ಅಂತ ಯಾಕ ಅಂತಿದ್ರಿ ಅತ್ತೀ?"

"ನಮ್ಮವ್ವಗ ಹೇಳಿದ್ದೆ. ಬೋರಮಾಳ ಆಕಿ ಹಾಕಿದ್ದು. ಅದನ್ನ ಕೊಟ್ಟು ಹಳೇ ಗಾಡಿ ತಗೊಂಡ್ವಿ ಅಂದಿದ್ರ ಎದಿ ಒಡಕೊಂತಿದ್ಲು. ಆಕಿ ಹೋದ ಮ್ಯಾಲೂ ಬಾಯಿಗೆ ಅದ ರೂಢಿ ಆತು."

ನಮ್ಮನಿಯೋರು ಬಾಗಿಲಾಗ ನಿಂತು ಕೇಳಿಸಿಕೊಂಡ್ರು, ಏನೂ ಅನ್ನಲಿಲ್ಲ. ಮೈದುನ ಈಗ ಆ ಎಪಿ ನಂಬರು ಹಿಡಕೊಂಡು ಮೊದಲನೇ ನೋಂದಣಿ ದಾಖಲೆ ಹುಡುಕಾಕ ಆಂಧ್ರಕ್ಕ ಓಡಾಡಾಕ ಹತ್ತ್ಯಾನ. ಡೈನಮೋದ ಅಂಕಿ ನಮಗ ಸಾಕು, ಆಫೀಸಿಗೆ ಸಾಲದು. ಆ ಕಾಗದ ಸಿಗೋತನಕ ಮಾರೋ ಮಾತಿಲ್ಲ.

ಪೆನ್ಸಿಲ್ಲಿನ ಅಚ್ಚು ತಗದ ಕಾಗದ ಅತ್ತಿ ಇಸಗೊಂಡು ತಮ್ಮ ಟ್ರಂಕಿನ್ಯಾಗ ಇಟ್ಟಾರ. ನಿನ್ನೆ ಸಂಜಿಮುಂದ ಮಲ್ಲಿಗಿ ಕಟ್ಟಕೋತ ಕುಂತಾಗ ಒಮ್ಮಿಂದೊಮ್ಮೆಲೆ ಕೇಳಿದ್ರು:

"ಆ ಪಿನ್ನಿನ ಹೆಣ್ಮಗಳು ಆಂಧ್ರದಾಕಿ ಅಂದ್ಯಲ್ಲ, ಆಕಿ ಏನು ಒತ್ತಿ ಇಟ್ಟಿದ್ಲೋ ಏನೋ?"