ಮಗಳ ಸಂದರ್ಶನಕ್ಕಾಗಿ ಇಂದೋರಿಗೆ

ನಮ್ಮ ಕಡೆಯವರು ಉತ್ತರಕ್ಕೆ ಹೋಗುವುದೆಂದರೆ ಮುಂಬಯಿಗೆ, ಇಲ್ಲವೇ ಅಲ್ಲಿಂದ ವಿಮಾನ ಹತ್ತಿ ಗಲ್ಫಿಗೆ. 2019ರ ಜೂನಿನಲ್ಲಿ ನಾವು ಇಂದೋರಿಗೆ ಹೊರಟಿದ್ದೇವೆ ಎಂದಾಗ ವಾಳೆಯ ಗುರಿಕಾರರು, "ಅಲ್ಲಿ ನಿಮಗೆ ಯಾರಿದ್ದಾರೆ?" ಎಂದು ಕೇಳಿದರು. ಯಾರೂ ಇರಲಿಲ್ಲ. ಹಿರಿಯ ಮಗಳಿಗೆ ಅಲ್ಲಿಯ ಐಐಎಂನಿಂದ ಸಂದರ್ಶನದ ಕರೆ ಬಂದಿತ್ತು, ಅಷ್ಟೆ.

ಐಐಎಂ ಎಂದರೆ ಪದವಿ ಮುಗಿಸಿದವರು ಎಂಬಿಎ ಓದಲು ಹೋಗುವ ಜಾಗ ಎಂದೇ ನಾನೂ ತಿಳಿದಿದ್ದೆ. ಪ್ಲಸ್ ಟು ಮುಗಿಸಿದ ಮಕ್ಕಳನ್ನೇ ನೇರವಾಗಿ ಸೇರಿಸಿಕೊಳ್ಳುವ ಐದು ವರ್ಷದ ಕೋರ್ಸನ್ನು ಇಂದೋರಿನವರು 2011ರಲ್ಲಿ ಆರಂಭಿಸಿದರು. ಮೊದಲ ಮೂರು ವರ್ಷ ಗಣಿತ, ಅರ್ಥಶಾಸ್ತ್ರ, ಸಮಾಜ ವಿಜ್ಞಾನ ಮುಂತಾದವು. ಕೊನೆಯ ಎರಡು ವರ್ಷ ಎಂಬಿಎ ಓದುವವರ ಜೊತೆಯಲ್ಲೇ ಪಾಠ. ಯಾವ ವಿಭಾಗದಲ್ಲಿ ಪ್ಲಸ್ ಟು ಮಾಡಿದವರೂ ಅರ್ಜಿ ಹಾಕಬಹುದು. ಇದನ್ನು ಮಗಳಿಗೆ ಹೇಳಿಕೊಟ್ಟವರು ಅವಳ ಕಾಮರ್ಸ್ ಟೀಚರ್. ನಾನಲ್ಲ.

ಅರ್ಜಿಯ ಕೆಲಸ ಸುಲಭವಾಗಿರಲಿಲ್ಲ. ಸೈಬರ್ ಅಂಗಡಿಯಲ್ಲಿ ಫೋಟೋದ ಅಳತೆ ಸರಿಯಾಗದೆ ಒಂದು ಮಧ್ಯಾಹ್ನವೇ ಹೋಯಿತು. ಮೀಸಲಾತಿಗೆ ಬೇಕಾದ ಪ್ರಮಾಣಪತ್ರ ಕೇಂದ್ರ ಸರ್ಕಾರದ ನಮೂನೆಯಲ್ಲೇ ಇರಬೇಕಂತೆ. ನಮಗೆ ಕೊಟ್ಟದ್ದು ರಾಜ್ಯದ ನಮೂನೆ. ಎರಡು ಸಲ ಕಚೇರಿಗೆ ಅಲೆದು ಬದಲಾಯಿಸಿಕೊಂಡು ಬಂದೆ. ಮನೆಯಲ್ಲಿ ಇಂಥ ಅರ್ಜಿ ತುಂಬುವವರಿದ್ದರೆ ಈ ಪತ್ರವನ್ನು ಮೊದಲೇ ಮಾಡಿಸಿಡಿ.

ಪರೀಕ್ಷೆ ಎರಡು ಗಂಟೆಯದು. ನಲವತ್ತು ನಿಮಿಷದ ಮೂರು ಭಾಗ, ಅದರಲ್ಲಿ ಎರಡು ಲೆಕ್ಕ, ಒಂದು ಇಂಗ್ಲಿಷ್. ಒಂದು ಭಾಗದ ಸಮಯ ಮುಗಿದರೆ ಹಿಂದಕ್ಕೆ ಹೋಗುವಂತಿಲ್ಲ. ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಲೆಕ್ಕಕ್ಕೆ ಹೆದರುತ್ತಿರಲಿಲ್ಲ, ಇಂಗ್ಲಿಷ್ ಭಾಗಕ್ಕೆ ಹೆದರುತ್ತಿದ್ದಳು. ರಾತ್ರಿ ಊಟವಾದ ಮೇಲೆ ಅವಳ ಅಮ್ಮ ಅಡುಗೆಮನೆಯ ಗಡಿಯಾರ ತಂದು ಎದುರಿಗಿಟ್ಟು, ನಲವತ್ತು ನಿಮಿಷಕ್ಕೆ ಪುಸ್ತಕ ಕಿತ್ತುಕೊಳ್ಳುತ್ತಿದ್ದಳು. ಆ ಪುಸ್ತಕ ಮಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡು.

ಸಂದರ್ಶನಕ್ಕೆ ಬೇರೆ ನಗರದ ಆಯ್ಕೆಯೂ ಇತ್ತು. ಆದರೆ ಐದು ವರ್ಷ ಮಗಳನ್ನು ಬಿಡುವ ಜಾಗವನ್ನು ಕಣ್ಣಾರೆ ನೋಡಬೇಕೆಂದು ಹಟ ಮಾಡಿದವನು ನಾನೇ. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದೆವು. ಮಳೆಗಾಲದಲ್ಲಿ ಕೊಂಕಣ ರೈಲು ನಿಧಾನ. ಸುರಂಗ ದಾಟಿದರೆ ಮಳೆ, ಮಳೆ ದಾಟಿದರೆ ಸುರಂಗ. ಕಲ್ಯಾಣ್, ನಾಸಿಕ್, ಭುಸಾವಳ್ ದಾಟಿ ಮರುದಿನ ರಾತ್ರಿ ಖಂಡ್ವಾದಲ್ಲಿ ಇಳಿದೆವು. ಗಾಯಕ ಕಿಶೋರ್ ಕುಮಾರ್ ಹುಟ್ಟಿದ ಊರು ಅದು. ಮುಂದೆ ಇಂದೋರಿಗಿದ್ದ ಮೀಟರ್ ಗೇಜ್ ಹಳಿಯನ್ನು ಅಗಲ ಮಾಡುವ ಕೆಲಸ ನಡೆದಿದ್ದರಿಂದ ಬಸ್ಸೇ ಗತಿ. ಬೆಳಗ್ಗೆ ಬಸ್ಸು ಮೋರ್ಟಕ್ಕಾದ ಸೇತುವೆಯ ಮೇಲೆ ಬಂದಾಗ ನರ್ಮದೆ ಕಂಡಳು. ಮಗಳು ನೋಡಲಿಲ್ಲ. ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ತನ್ನ ಪರಿಚಯವನ್ನು ಬಾಯಿಪಾಠ ಮಾಡುತ್ತಿದ್ದಳು. ಆಮೇಲೆ ಘಾಟಿ ಹತ್ತಿ ಸಿಮ್ರೋಲ್, ಅಲ್ಲಿ ಐಐಟಿ ಇದೆ. ಬಸ್ಸಿನಲ್ಲಿದ್ದ ಒಬ್ಬ ಅಜ್ಜ ಅದನ್ನು ತನ್ನದೇ ತೋಟವೆಂಬಂತೆ ತೋರಿಸಿದರು.

ಐಐಎಂ ಇರುವುದು ನಗರದ ಹೊರಗೆ, ರಾವು ಎಂಬಲ್ಲಿ, ಗುಡ್ಡದ ಮೇಲೆ. 193 ಎಕರೆ ಜಾಗ. 'ಪ್ರಬಂಧ ಶಿಖರ' ಎಂದು ಹೆಸರು. ಪೋಷಕರನ್ನು ಒಂದು ಕೋಣೆಯಲ್ಲಿ ಕೂರಿಸಿದರು. ಸುತ್ತಲಿದ್ದವರು ದೆಹಲಿ, ಜೈಪುರ, ಕೋಲ್ಕತ್ತದವರು. ಕೋಚಿಂಗಿಗೆ ಎಷ್ಟು ಖರ್ಚಾಯಿತೆಂದು ಮಾತಾಡುತ್ತಿದ್ದರು. ನನ್ನನ್ನೂ ಕೇಳಿದರು. ನಾನು ನಕ್ಕು ಸುಮ್ಮನಾದೆ. ನಮ್ಮದು ಗಡಿಯಾರದ ಕೋಚಿಂಗ್ ಎಂದು ಹಿಂದಿಯಲ್ಲಿ ಹೇಳುವುದು ಹೇಗೆ?

ಮಗಳು ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ಬಾಯಿಪಾಠ ಮಾಡಿದ್ದು ಯಾವುದನ್ನೂ ಅವರು ಕೇಳಲಿಲ್ಲವಂತೆ. "ನಿಮ್ಮ ಊರಿನ ವ್ಯಾಪಾರ ಯಾವುದು?" ಎಂದು ಕೇಳಿದರಂತೆ. ಇವಳು ಅಡಿಕೆ ಎಂದಳು. ಬೆಲೆ ಯಾರು ನಿರ್ಧರಿಸುತ್ತಾರೆ ಎಂದರು. ಇವಳು ಕ್ಯಾಂಪ್ಕೋದ ಕಥೆ ಹೇಳಿದಳು: ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಕಟ್ಟಿದ ಸಹಕಾರಿ, ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತದ್ದು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ. ಬಳಿಕ ಚಾಲಿಯ ವಿಷಯ. ಅಂಗಳದಲ್ಲಿ ಒಣಗಿಸಿದ ಅಡಿಕೆ ಹೊಸತಾದರೆ ಒಂದು ಬೆಲೆ, ವರ್ಷ ಇಟ್ಟರೆ ಹೆಚ್ಚು, ಎರಡು ವರ್ಷ ಇಟ್ಟು 'ಡಬಲ್ ಚೋಲ್' ಆದರೆ ಇನ್ನೂ ಹೆಚ್ಚು.

ಆಗ ಒಬ್ಬರು, "ಹಾಗಾದರೆ ನಿನ್ನ ತಂದೆ ಯಾಕೆ ಎರಡು ವರ್ಷ ಇಡುವುದಿಲ್ಲ?" ಎಂದರಂತೆ.

"ಜೂನಿನಲ್ಲಿ ನಮ್ಮ ಫೀಸು ಕಟ್ಟಬೇಕಲ್ಲ, ಸರ್" ಎಂದಳಂತೆ ಇವಳು.

ಅವರು ನಗಲಿಲ್ಲವಂತೆ. ಏನೋ ಬರೆದುಕೊಂಡರಂತೆ. ನನಗೆ ಮಾತ್ರ ಆ ಬೆಂಚಿನ ಮೇಲೆ ಕೂತಲ್ಲಿಂದ ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಪ್ರತಿ ವರ್ಷ ಮಳೆ ಬೀಳುವ ಮೊದಲು ಗೋಣಿ ಹೊರುವಾಗ ಮಕ್ಕಳು ನೋಡುತ್ತಿರುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಸಂಜೆ ಇಂದೋರ್ ನೋಡಿದೆವು. ಹೋಳ್ಕರರ ಏಳು ಅಂತಸ್ತಿನ ರಾಜವಾಡ, ಕಸವಿಲ್ಲದ ರಸ್ತೆಗಳು (2017ರಿಂದ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಆ ಊರೇ ಮೊದಲು). ಮನಸ್ಸಿನಲ್ಲಿ ಉಳಿದದ್ದು ಮಾತ್ರ ಸರಾಫಾ ಬಜಾರು. ಹಗಲು ಚಿನ್ನದ ಅಂಗಡಿಗಳು. ರಾತ್ರಿ ಅವು ಬಾಗಿಲು ಹಾಕುತ್ತಲೇ ಅದೇ ಮೆಟ್ಟಿಲುಗಳ ಮುಂದೆ ಬಾಣಲೆ, ಸ್ಟೌ, ಜಿಲೇಬಿ, ಮೆಕ್ಕೆಜೋಳ ತುರಿದು ಮಾಡಿದ ಉಪ್ಪಿಟ್ಟಿನಂಥ ಒಂದು ತಿಂಡಿ. ರಸ್ತೆ ಒಂದೇ, ವ್ಯಾಪಾರ ಎರಡು. ಮಗಳು ತಿನ್ನುವುದನ್ನು ಬಿಟ್ಟು, "ಅಪ್ಪಾ, ಇವರು ಚಿನ್ನದವರಿಗೆ ಬಾಡಿಗೆ ಕೊಡುತ್ತಾರಾ, ಅಥವಾ ರಾತ್ರಿ ಜನ ಇದ್ದರೆ ಕಳ್ಳರು ಬರುವುದಿಲ್ಲ ಎಂದು ಅವರೇ ಬಿಡುತ್ತಾರಾ?" ಎಂದು ಕೇಳಿದಳು. ಗುಡ್ಡದ ಮೇಲಿನವರು ಈ ಪ್ರಶ್ನೆ ಕೇಳಿದ್ದರೆ ಅಂದೇ ಸೀಟು ಕೊಡುತ್ತಿದ್ದರೋ ಏನೋ!

ಕೊಡಲಿಲ್ಲ. ಕಾಯುವವರ ಪಟ್ಟಿಯಲ್ಲಿ ಹೆಸರು ಬಂತು, ಅಲ್ಲೇ ನಿಂತಿತು. ಆ ಪಟ್ಟಿ ನೋಡುತ್ತ ಕಳೆದ ವಾರಗಳು ಸಂದರ್ಶನಕ್ಕಿಂತ ಕಷ್ಟದವು. ಸತ್ಯ ಹೇಳಬೇಕೆಂದರೆ, ಲಕ್ಷಗಟ್ಟಲೆ ಶುಲ್ಕದ ಸಾಲದಿಂದ ತಪ್ಪಿಸಿಕೊಂಡೆನೆಂದು ನನ್ನೊಳಗೆ ಒಂದು ಸಣ್ಣ ನೆಮ್ಮದಿಯೂ ಇತ್ತು. ಅದನ್ನು ಅವಳಿಗೆ ಹೇಳಲು ನನಗೆ ನಾಲ್ಕು ವರ್ಷ ಹಿಡಿಯಿತು. ಅವಳು ಮಂಗಳೂರಿನಲ್ಲಿ ಬಿಕಾಂ ಮುಗಿಸಿ ಈಗ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ನಾನು ಹೇಳಿದಾಗ, "ನನಗೆ ಆಗಲೇ ಗೊತ್ತಿತ್ತು" ಎಂದಳು.

ಈಗ ತಮ್ಮನ ಸರದಿ. ಆಯ್ಕೆಗಳೂ ಹೆಚ್ಚಿವೆ: ರೋಹ್ಟಕ್‌ನಲ್ಲಿ 2019ರಿಂದ, ಜಮ್ಮು ಮತ್ತು ಬೋಧ್‌ಗಯಾದಲ್ಲಿ 2021ರಿಂದ ಇಂಥ ಐದು ವರ್ಷದ ಕೋರ್ಸುಗಳಿವೆ. ಕೋಯಿಕ್ಕೋಡಿನ ಐಐಎಂ 2025ರಲ್ಲಿ ಕೊಚ್ಚಿಯಲ್ಲೇ ಪದವಿ ತರಗತಿ ತೆರೆದಿದೆ. ಆದರೂ ಅವನು ಮೊದಲು ತುಂಬಿದ್ದು ಇಂದೋರಿನ ಅರ್ಜಿಯನ್ನೇ, ಅಕ್ಕನ ಲ್ಯಾಪ್‌ಟಾಪಿನಲ್ಲಿ, ಅಕ್ಕ ಪಕ್ಕದಲ್ಲಿ ಕೂತಿರುವಾಗ. ಅಡುಗೆಮನೆಯ ಗಡಿಯಾರ ಮತ್ತೆ ಮೇಜಿನ ಮೇಲೆ ಬಂದಿದೆ. ನಾನೂ ಈ ವರ್ಷ ಆರು ಗೋಣಿ ಚಾಲಿಯನ್ನು ಮಾರದೆ ಅಟ್ಟದಲ್ಲಿ ಇಟ್ಟಿದ್ದೇನೆ.